ಪಾಲಿಸಿ ಪುಸ್ತಕದ ಏಳನೇ ನಂಬರು

ಮನೇಲಿ ಆರೋಗ್ಯ ವಿಮೆಯ ಪಾಲಿಸಿ ಇದ್ರೆ ಒಂದ್ಸಲ ತೆಗೆದು ನೋಡ್ರಿ. ನಮ್ಮ ಕಡೆ ಅದು ಇರೋ ಜಾಗ ಎಲ್ಲರಿಗೂ ಗೊತ್ತೇ ಐತೆ. ಬೀರುವಿನ ಮೇಲಿನ ಖಾನೆ, ಪಹಣಿ, ರೇಷನ್ ಕಾರ್ಡು, ಸೊಸೈಟಿ ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದೊಳಗೆ. ಎಷ್ಟು ಲಕ್ಷದ ಪಾಲಿಸಿ ಅಂತ ಮೊದಲ್ನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿರ್ತಾರೆ, ನಾವು ಅಷ್ಟೇ ಓದಿ ಮಡಚಿ ಇಡ್ತೀವಿ. ಇವತ್ತು ಅದನ್ನ ದಾಟಿ ಒಳಗೆ ಹೋಗ್ರಿ. ‘ಎಕ್ಸ್‌ಕ್ಲೂಷನ್ಸ್’ ಅಂತ ಒಂದು ಭಾಗ ಇರ್ತದೆ. ಅಂದ್ರೆ, ಕಂಪನಿ ಯಾವ್ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ. ಅಕ್ಷರ ಸಾಸಿವೆ ಕಾಳಿನಷ್ಟು ಇರ್ತಾವೆ, ಕನ್ನಡಕ ಹಾಕ್ಕೊಳ್ರಿ.

ಆ ಪಟ್ಟಿಯೊಳಗೆ ಒಂದೊಂದಕ್ಕೂ ಒಂದೊಂದು ಕೋಡ್ ನಂಬರು. 06 ಅಂದ್ರೆ ಬೊಜ್ಜು ಕರಗಿಸೋ ಆಪರೇಷನ್ನು. 08 ಅಂದ್ರೆ ಚಂದ ಕಾಣಕ್ಕೆ ಮಾಡಿಸ್ಕೊಳ್ಳೋ ಪ್ಲಾಸ್ಟಿಕ್ ಸರ್ಜರಿ. ಇವೆರಡರ ನಡುವೆ 07. ದೇಹದ ಲಕ್ಷಣಗಳನ್ನ ಇನ್ನೊಂದು ಲಿಂಗದ ಲಕ್ಷಣಗಳಿಗೆ ಬದಲಾಯಿಸೋ ಯಾವುದೇ ಚಿಕಿತ್ಸೆ, ಆಪರೇಷನ್ನೂ ಸೇರಿ, ಅದಕ್ಕೆ ಸಂಬಂಧಪಟ್ಟ ಖರ್ಚು ಸಿಗಲ್ಲ ಅಂತ ಅದರ ಅರ್ಥ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ಓದ್ರಿ. 06ರಲ್ಲಿ ಬೊಜ್ಜಿನ ಆಪರೇಷನ್ ಇಲ್ಲ ಅಂತಾರೆ, ಆದ್ರೆ ಡಾಕ್ಟ್ರು ಬೇಕು ಅಂದಿದ್ರೆ, ವಯಸ್ಸು 18 ದಾಟಿದ್ರೆ, ತೂಕದ ಲೆಕ್ಕ ಇಷ್ಟಕ್ಕಿಂತ ಮೇಲಿದ್ರೆ ಕೊಡ್ತೀವಿ ಅಂತ ಮುಂದಿನ ಸಾಲಲ್ಲೇ ದಾರಿ ಬಿಟ್ಟಾರೆ. 08ರಲ್ಲಿ ಪ್ಲಾಸ್ಟಿಕ್ ಸರ್ಜರಿ ಇಲ್ಲ ಅಂತಾರೆ, ಆದ್ರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆಗಿದ್ರೆ ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಐತೆ ಅಂತ ಡಾಕ್ಟ್ರು ಬರೆದುಕೊಟ್ರೆ ಕೊಡ್ತೀವಿ ಅಂತಾರೆ. 07ಕ್ಕೆ ಬಂದ್ರೆ ‘ಆದ್ರೆ’ ಅನ್ನೋ ಮಾತೇ ಇಲ್ಲ. ಎಂಥ ದೊಡ್ಡ ಡಾಕ್ಟ್ರು ಚೀಟಿ ಬರೆದ್ರೂ ಇಲ್ಲ, ಎಷ್ಟು ವರ್ಷ ಪ್ರೀಮಿಯಂ ಕಟ್ಟಿದ್ರೂ ಇಲ್ಲ. ಆಚೆ ಮನೆ ಈಚೆ ಮನೆ ಎರಡರ ಬಾಗ್ಲೂ ಡಾಕ್ಟ್ರು ತಟ್ಟಿದ್ರೆ ತೆರೀತದೆ, ನಡುವಿನ ಮನೆಗೆ ಮಾತ್ರ ಬೀಗ ಜಡಿದು ಕೀಲಿಕೈ ಬಾವಿಗೆ ಹಾಕ್ಯಾರೆ. ನನ್ನ ತಕರಾರು ಇರೋದು ಇಲ್ಲಿ.

ಇದನ್ನ ನಾನು ಕೂತು ಓದಕ್ಕೆ ಕಾರಣ ನಮ್ಮಣ್ಣನ ಮಗಳು. ಅವಳ ಹೆಸರು ಬರೆಯಲ್ಲ, ಅವಳನ್ನ ಕೇಳಿ, ಅವಳು ಹೂಂ ಅಂದಮೇಲೇ ಇಷ್ಟನ್ನ ಬರೀತಿದ್ದೀನಿ. ಹುಟ್ಟಿದಾಗ ಆಸ್ಪತ್ರೆ ಚೀಟೀಲಿ ಗಂಡು ಅಂತ ಬರೆದಿದ್ರು. ಇವತ್ತು ಜಡೆಯ ನಮ್ಮ ಮನೇಲಿ ಅಣ್ಣ ಅತ್ತಿಗೆಯಿಂದ ಹಿಡಿದು ಕೆಲಸಕ್ಕೆ ಬರೋ ಗಂಗಮ್ಮನವರೆಗೆ ಎಲ್ಲರಿಗೂ ಅವಳು ಮಗಳೇ. ಬೆಂಗಳೂರಲ್ಲಿ ಒಂದು ಸಣ್ಣ ಕಂಪನೀಲಿ ಲೆಕ್ಕಪತ್ರ ನೋಡ್ಕೊಳ್ತಾಳೆ. ಮನೋವೈದ್ಯರು ನೋಡ್ಯಾರೆ, ಹಾರ್ಮೋನಿನ ಡಾಕ್ಟ್ರು ನೋಡ್ಯಾರೆ, ಮೂರು ವರ್ಷದಿಂದ ಔಷಧಿ ತಗೊಳ್ತಾಳೆ, ಮೂರ್ನಾಲ್ಕು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಔಷಧಿ, ಪರೀಕ್ಷೆ, ಡಾಕ್ಟರ ಫೀಸು ಎಲ್ಲಾ ಅವಳ ಸಂಬಳದಿಂದಲೇ. ಇನ್ನು ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಯವರು ಹೇಳಿದ ಅಂದಾಜು ನಮ್ಮಣ್ಣನ ಎರಡು ವರ್ಷದ ಅಡಿಕೆ ದುಡ್ಡು. ಕೊಳೆರೋಗ ಬರದಿದ್ರೆ ಎರಡು ವರ್ಷ, ಬಂದ್ರೆ ಮೂರು.

ವಿಮೆ ಮಾಡಿಸೋಣ ಅಂತ ಮೂರು ಕಂಪನಿಯವರನ್ನ ಕೇಳಿದ್ವಿ. ಒಬ್ಬ ಏಜೆಂಟ್ ಬಂದು, ‘ಅಕ್ಕಾ, ಈಗೆಲ್ಲ ಬದಲಾಗೈತೆ, ಅರ್ಜೀಲಿ ಗಂಡು, ಹೆಣ್ಣು, ಇತರೆ ಅಂತ ಮೂರು ಚೌಕ ಐತೆ, ಆರಾಮಾಗಿ ಟಿಕ್ ಮಾಡಬಹುದು’ ಅಂದ. ಹೌದು, ಮೊದಲ ಪುಟದಲ್ಲಿ ಮೂರು ಚೌಕ ಐತೆ. ಹಿಂದಿನ ಪುಟಗಳಲ್ಲಿ 07 ಐತೆ. ಮುಂದಿನ ಬಾಗ್ಲಲ್ಲಿ ರಂಗೋಲಿ ಹಾಕಿ ಕರೆದು ಹಿತ್ಲಕಡೆಯಿಂದ ಹೊರಗೆ ಕಳಿಸೋದು ಅಂದ್ರೆ ಇದೇ. ಬರವಣಿಗೇಲಿ ಉತ್ತರ ಕೊಡಿ ಅಂತ ಕೇಳಿದಾಗ ಇಬ್ಬರು ಸುಮ್ಮನಾದ್ರು, ಮೂರನೆಯವರು ಎರಡು ಸಾಲಿನ ಮೇಲ್ ಕಳಿಸಿದ್ರು. ಆ ಎರಡು ಸಾಲಲ್ಲೂ ಇದ್ದದ್ದು 07.

ಈ ನಂಬರು ಎಲ್ಲಿಂದ ಬಂತು ಅಂತ ಹುಡುಕಿದೆ. ಹಿಂದೆ ಒಂದೊಂದು ಕಂಪನಿ ಒಂದೊಂದು ಥರ ಬರೀತಿತ್ತು. ಹೈದರಾಬಾದಿನಲ್ಲಿರೋ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ, 2019ರ ಸೆಪ್ಟೆಂಬರ್ 27ರಂದು ಎಲ್ಲರಿಗೂ ಒಂದೇ ಮಾತು ಇರಲಿ ಅಂತ ಮಾರ್ಗಸೂಚಿ ಹೊರಡಿಸ್ತು. ಅದರಲ್ಲಿ ಒಳ್ಳೇದೂ ಐತೆ, ಅದನ್ನೂ ಹೇಳ್ತೀನಿ. ಮಾನಸಿಕ ಕಾಯಿಲೆ, ಹುಟ್ಟಿನಿಂದ ಬಂದ ಜೀನ್ ಕಾಯಿಲೆ, ಹರೆಯಕ್ಕೆ ಬರುವಾಗಿನ ತೊಂದರೆ, ಮುಟ್ಟು ನಿಲ್ಲುವಾಗಿನ ತೊಂದರೆ ಇವುಗಳನ್ನ ಪಟ್ಟಿಯಿಂದ ಹೊರಗಿಡಂಗಿಲ್ಲ ಅಂತ ಕಂಪನಿಗಳಿಗೆ ಕಟ್ಟಪ್ಪಣೆ ಮಾಡ್ತು. ಅದೇ ಕಾಗದದಲ್ಲೇ 07ಕ್ಕೂ ನಂಬರು ಕೊಡ್ತು. ಮುಂದೆ 2020ರ ಏಪ್ರಿಲ್ 1ರಿಂದ ಎಲ್ಲಾ ಕಂಪನಿಗಳೂ ಮಾರಲೇಬೇಕು ಅಂತ ‘ಆರೋಗ್ಯ ಸಂಜೀವಿನಿ’ ಅನ್ನೋ ಸಾಮಾನ್ಯ ಪಾಲಿಸಿ ತಂದ್ರಲ್ಲ, ಬಡವರು ಮಧ್ಯಮದವರಿಗೆ ಅನುಕೂಲ ಆಗ್ಲಿ ಅಂತ, ಅದರೊಳಗೂ 07 ಬಂದು ಕೂತ್ಕೊಂಡ್ತು.

ಈ ತಾರೀಕುಗಳ ನಡುವೆ ಇನ್ನೊಂದು ತಾರೀಕು ಐತೆ. 2019ರ ಡಿಸೆಂಬರ್ 5. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ. 2020ರ ಜನವರಿ 10ರಂದು ಅದು ಜಾರಿಗೆ ಬಂತು. ಆ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಸರ್ಕಾರ ಏನೇನು ಮಾಡಬೇಕು ಅಂತ ಪಟ್ಟಿ ಮಾಡ್ಯಾರೆ. ಆಪರೇಷನ್ನು, ಹಾರ್ಮೋನ್ ಚಿಕಿತ್ಸೆ, ಅದಕ್ಕೆ ಮೊದಲು ಮತ್ತು ಆಮೇಲೆ ಆಪ್ತಸಲಹೆ ಸಿಗಂಗೆ ನೋಡ್ಕೋಬೇಕು. ಕೊನೇ ಅಂಶ ಇನ್ನೂ ಸ್ಪಷ್ಟ. ಆಪರೇಷನ್ನು, ಹಾರ್ಮೋನು, ಲೇಸರ್ ಚಿಕಿತ್ಸೆ ಮತ್ತು ಬೇರೆ ಆರೋಗ್ಯ ಸಮಸ್ಯೆಗಳ ಖರ್ಚಿಗೆ ಸಮಗ್ರ ವಿಮಾ ಯೋಜನೆಯ ವ್ಯವಸ್ಥೆ ಮಾಡಬೇಕು. ವಿಮೆ ಅನ್ನೋ ಪದವನ್ನೇ ಪಾರ್ಲಿಮೆಂಟು ಬಳಸೈತೆ, ನಾನು ಊಹಿಸಿ ಹೇಳ್ತಿಲ್ಲ. ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಕೊಡಬೇಡಿ ಅನ್ನಕ್ಕೆ ನಂಬರು ಕೊಡ್ತು, ಡಿಸೆಂಬರಿನಲ್ಲಿ ಪಾರ್ಲಿಮೆಂಟು ಕೊಡಿ ಅಂತು. ಇಬ್ಬರೂ ಒಂದೇ ದೇಶದವರು. ಡಿಸೆಂಬರಿನ ಮಾತು ದೊಡ್ಡದಾಗಿದ್ರೆ ಸೆಪ್ಟೆಂಬರಿನ ನಂಬರು ಅಳಿಸಿ ಹೋಗಬೇಕಿತ್ತು. ನಮಗೆ ಬಂದ ಎರಡು ಸಾಲಿನ ಮೇಲ್ ನೋಡಿದ್ರೆ ಯಾವುದು ದೊಡ್ಡದು ಅಂತ ತಿಳೀತದೆ.

ಇದಕ್ಕೆ ಕಂಪನಿ ಕಡೆಯವರ ಉತ್ತರ ಹಿಂಗೆ. 15ನೇ ಸೆಕ್ಷನ್ ಸರ್ಕಾರಕ್ಕೆ ಹೇಳಿದ್ದು, ನಮಗಲ್ಲ. ಸರಿ, ಹಂಗಾದ್ರೆ 3ನೇ ಸೆಕ್ಷನ್ ಓದ್ರಿ. ಅದು ಯಾವುದೇ ವ್ಯಕ್ತಿ, ಯಾವುದೇ ಸಂಸ್ಥೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡಬಾರದು ಅನ್ನತದೆ. ಇವತ್ತಿನ ಕಾಲದಲ್ಲಿ ವಿಮೆ ಇಲ್ದೆ ಆರೋಗ್ಯ ಸೇವೆ ಎಷ್ಟರಮಟ್ಟಿಗೆ ಸಿಗತದೆ ಅಂತ ಆಸ್ಪತ್ರೆ ಕೌಂಟರಿನಲ್ಲಿ ನಿಂತ ಯಾರನ್ನಾದ್ರೂ ಕೇಳಿ. ಇನ್ನು ಕಂಪನಿಗಳಿಗೆ ಕಟ್ಟಪ್ಪಣೆ ಮಾಡೋ ಪ್ರಾಧಿಕಾರ ಆಕಾಶದಿಂದ ಇಳಿದದ್ದಲ್ಲ, ಪಾರ್ಲಿಮೆಂಟಿನ 1999ರ ಕಾಯ್ದೆಯಿಂದ ಹುಟ್ಟಿದ್ದು, ಅದರ ಅಧ್ಯಕ್ಷರನ್ನ ನೇಮಿಸೋದು ಕೇಂದ್ರ ಸರ್ಕಾರ. ಸರ್ಕಾರಕ್ಕೆ ಮನಸ್ಸಿದ್ರೆ ಒಂದು ಸುತ್ತೋಲೆ ಸಾಕು.

ಹಿಂದೆ ಇದೇ ರೀತಿ ಆಗೈತೆ ಕೂಡಾ. ಮಾನಸಿಕ ಕಾಯಿಲೆಗೆ ವಿಮೆ ಇಲ್ಲ ಅನ್ನೋದು ನಮ್ಮ ದೇಶದಲ್ಲಿ ಎಷ್ಟೋ ವರ್ಷ ಮಾಮೂಲಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂತು, 2018ರ ಮೇ ತಿಂಗಳಲ್ಲಿ ಜಾರಿ ಆತು, ಮೈಯ ಕಾಯಿಲೆಗೆ ಇದ್ದಂಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತು. ಆಮೇಲೂ ಕೊಡದ ಕಂಪನಿಯ ವಿರುದ್ಧ ಒಬ್ಬ ಹೆಣ್ಣುಮಗಳು ದೆಹಲಿ ಹೈಕೋರ್ಟಿಗೆ ಹೋದ್ರು, 2021ರಲ್ಲಿ ಗೆದ್ರು. ಹಂಗಾಗಿ ಪಾಲಿಸಿಯ ನಂಬರುಗಳು ಕಲ್ಲಿನ ಮೇಲಿನ ಶಾಸನ ಅಲ್ಲ. ಬಳ್ಳಿಗಾವಿ ಕಲ್ಲಿನ ಮೇಲೆ ಕೆತ್ತಿದ್ದನ್ನ ಬದಲಾಯಿಸಕ್ಕಾಗಲ್ಲ, ಹೈದರಾಬಾದಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನ ಬದಲಾಯಿಸಬಹುದು.

ಈಗ ನಮ್ಮೂರ ಕಟ್ಟೆ ಮೇಲಿನ ಮಾತಿಗೆ ಬರ್ತೀನಿ. ಕಂಪನಿಗಿಂತ ನಂಗೆ ಸಿಟ್ಟು ತರಿಸೋದು ಆ ಮಾತುಗಳೇ.

ಮೊದಲನೇದು, ‘ಇದು ಶೋಕಿ. ಶೋಕಿಗೆ ವಿಮೆ ಯಾಕೆ?’ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿ 1ರಿಂದ ಜಾರಿ ಮಾಡಿದ ಕಾಯಿಲೆಗಳ ಪಟ್ಟಿಯಲ್ಲಿ ಇದು ಹುಚ್ಚೂ ಅಲ್ಲ, ಶೋಕಿಯೂ ಅಲ್ಲ. ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇಟ್ಟಾರೆ. ಪಟ್ಟಿಯಿಂದ ಪೂರ್ತಿ ಕೈಬಿಡದೆ ಅಲ್ಲಿಟ್ಟದ್ದಕ್ಕೆ ಕಾರಣವೇ ಚಿಕಿತ್ಸೆಯೂ ವಿಮೆಯೂ ತಪ್ಪಿ ಹೋಗಬಾರದು ಅನ್ನೋದು. ಇನ್ನು ಔಷಧಿ ನೋಡ್ರಿ. ನಮ್ಮಣ್ಣನ ಮಗಳು ತಗೊಳ್ಳೋ ಈಸ್ಟ್ರೋಜನ್ನು ಮುಟ್ಟು ನಿಂತ ಹೆಂಗಸರಿಗೂ ಬರೆದು ಕೊಡ್ತಾರೆ. ಮುಟ್ಟು ನಿಲ್ಲೋ ತೊಂದರೆಯನ್ನ ಹೊರಗಿಡಂಗಿಲ್ಲ ಅಂತ ಪ್ರಾಧಿಕಾರವೇ ಹೇಳೈತೆ. ಔಷಧಿ ಅದೇ, ಅಂಗಡಿ ಅದೇ. ಮೈ ಬೇರೆ ಅನ್ನೋದೊಂದೇ ವ್ಯತ್ಯಾಸ.

ಗರ್ಭಕೋಶದ ಆಪರೇಷನ್ನು ತಗೊಳ್ರಿ. ಯಾವ ಪಾಲಿಸಿಯಾದ್ರೂ ಸಾಮಾನ್ಯವಾಗಿ ಎರಡು ವರ್ಷ ಕಾದ್ರೆ ಅದಕ್ಕೆ ದುಡ್ಡು ಕೊಡತದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕ್ತಿರೋ ಒಬ್ಬರಿಗೆ ಡಾಕ್ಟ್ರು ಅದೇ ಆಪರೇಷನ್ ಬರೆದುಕೊಟ್ರೆ 07. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆಯ ಹೆಣ್ಣುಮಕ್ಕಳು, ಬಹಳ ಜನ ತಾಂಡಾದವರು, ಬೇಡದೇ ಇದ್ರೂ ನಮ್ಮ ಗರ್ಭಕೋಶ ತೆಗೆದ್ರು ಅಂತ ವರ್ಷಗಟ್ಟಲೆ ನ್ಯಾಯ ಕೇಳಿ ಬೀದೀಲಿ ನಡೆದದ್ದು ನಿಮಗೆ ನೆನಪಿರಬೇಕು. ಬೇಡ ಅಂದವರಿಗೆ ಕತ್ತರಿ ಆಡಿಸುವಾಗ ಈ ದೇಶದ ವ್ಯವಸ್ಥೆಗೆ ಯಾವ ನಂಬರೂ ಅಡ್ಡ ಬರಲಿಲ್ಲ. ಯೋಚನೆ ಮಾಡಿ, ಡಾಕ್ಟ್ರನ್ನ ಕಂಡು, ವರ್ಷಗಟ್ಟಲೆ ಕಾದು ಬೇಕು ಅಂದವರಿಗೆ ಮಾತ್ರ ನೈತಿಕತೆಯ ಪಾಠ.

ಎರಡನೇದು, ‘ನಮ್ಮ ಪ್ರೀಮಿಯಂ ದುಡ್ಡಲ್ಲಿ ಅವರಿಗ್ಯಾಕೆ?’ ಇದನ್ನ ಕೇಳೋರು ಗದ್ದೆ ಕೆಲಸಕ್ಕೆ ಮುಯ್ಯಾಳು ಹೋದವರೇ. ಮುಯ್ಯಿ ಅಂದ್ರೆ ಏನು? ಇವತ್ತು ನಿಮ್ಮ ಗದ್ದೆ ನಾಟಿ, ನಾಳೆ ನಮ್ಮದು. ನಿಮ್ಮ ಗದ್ದೆ ದೊಡ್ಡದು, ನಮ್ಮದು ಸಣ್ಣದು ಅಂತ ಅಳೆದು ಆಳು ಕಳಿಸಿದ್ರೆ ಮುಯ್ಯಿ ಮುರಿದು ಬೀಳತದೆ. ವಿಮೆ ಅನ್ನೋದು ಕಾಗದದ ಮೇಲಿನ ಮುಯ್ಯಿ. ನಮ್ಮ ಮನೇಲಿ ಹತ್ತು ವರ್ಷ ಪ್ರೀಮಿಯಂ ಕಟ್ಟಿ ಒಂದು ರೂಪಾಯಿ ಕ್ಲೇಮು ಮಾಡಿಲ್ಲ. ಆ ದುಡ್ಡಲ್ಲಿ ಯಾರದ್ದೋ ಮಂಡಿ ಬದಲಾಯಿಸ್ಯಾರೆ, ಯಾರದ್ದೋ ಹೃದಯಕ್ಕೆ ಸ್ಟೆಂಟ್ ಹಾಕ್ಯಾರೆ, ಬೀಡಿ ಸೇದಿ ಶ್ವಾಸಕೋಶ ಸುಟ್ಟುಕೊಂಡವರಿಗೂ ಕೊಟ್ಟಿರ್ತಾರೆ. ಒಳ್ಳೇದಾತು, ಅದಕ್ಕೇ ಇರೋದು ಅದು. ನಮ್ಮ ಮನೆ ಸರದಿ ಬಂದಾಗ ಮಾತ್ರ ‘ನಿಮ್ಮ ಗದ್ದೆಗೆ ಆಳು ಬರಂಗಿಲ್ಲ’ ಅಂದ್ರೆ ಅದಕ್ಕೆ ಮುಯ್ಯಿ ಅನ್ನಲ್ಲ, ಬಿಟ್ಟಿ ದುಡಿಸ್ಕೊಳ್ಳೋದು ಅಂತಾರೆ.

ಲೆಕ್ಕವನ್ನೇ ಕೇಳೋರಿಗೆ ಲೆಕ್ಕವೂ ಐತೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆ 2001ರಲ್ಲಿ ತನ್ನ ನೌಕರರ ವಿಮೆಗೆ ಈ ಚಿಕಿತ್ಸೆ ಸೇರಿಸ್ತು. ಖರ್ಚು ಬಹಳ ಬರಬಹುದು ಅಂತ ಹೆದರಿ ಪ್ರತಿ ನೌಕರರಿಂದ ತಿಂಗಳಿಗೆ ಇಷ್ಟು ಅಂತ ಹೆಚ್ಚಿಗೆ ಹಿಡಿದ್ರು. 2006ರ ಹೊತ್ತಿಗೆ ಕೂಡಿದ್ದು ಸುಮಾರು 56 ಲಕ್ಷ ಡಾಲರ್. ಖರ್ಚಾಗಿದ್ದು ಸುಮಾರು 3 ಲಕ್ಷ 86 ಸಾವಿರ, ಅದೂ 37 ಕ್ಲೇಮಿಗೆ. ನಾಚಿಕೆಯಾಗಿ ಆ ವರ್ಷವೇ ಹೆಚ್ಚಿಗೆ ಹಿಡಿಯೋದನ್ನ ನಿಲ್ಲಿಸಿ, ಬೇರೆ ಚಿಕಿತ್ಸೆಯಂಗೇ ಇದನ್ನೂ ಸೇರಿಸ್ಕೊಂಡ್ರು. ಕೇಳೋರು ಕಡಿಮೆ ಜನ, ಹಂಗಾಗಿ ತಲೆಗೆ ಬರೋ ಭಾರ ಚಿಲ್ಲರೆ ಕಾಸು. ನಮ್ಮ ದೇಶದಲ್ಲೂ ಕೆಲವು ದೊಡ್ಡ ಕಂಪನಿಗಳು ತಮ್ಮ ನೌಕರರ ಗುಂಪು ವಿಮೇಲಿ 07ನ್ನ ತೆಗೆಸ್ಯಾರೆ. ಸಾವಿರಾರು ಜನರ ಪ್ರೀಮಿಯಂ ಒಟ್ಟಿಗೆ ತರ್ತೀನಿ ಅಂದ್ರೆ ವಿಮೆಯವರಿಗೆ ಇದು ಸಾಧ್ಯ ಆಗತದೆ. ಜಡೆಯ ಒಂದು ಮನೆ ಕೇಳಿದ್ರೆ ‘ನಿಯಮ ಇಲ್ಲ’. ನಿಯಮ ಇಲ್ಲದಿರೋದಲ್ಲ, ಚೌಕಾಸಿ ಮಾಡೋ ತಾಕತ್ತು ನಮಗಿಲ್ಲ.

ಕಡಿಮೆ ಜನ ಅಂದ್ರೆ ಕೈಬಿಡಬಹುದು ಅನ್ನೋರು ನಮ್ಮ ತಾಲೂಕಿನವರಂತೂ ಆಗಬಾರದು. ಮಂಗನ ಕಾಯಿಲೆಗೆ ಪ್ರಪಂಚದ ವೈದ್ಯರೆಲ್ಲ ಕರೆಯೋ ಹೆಸರಿನಲ್ಲಿ ನಮ್ಮ ಸೊರಬದ ಕ್ಯಾಸನೂರು ಐತೆ. 1957ರಲ್ಲಿ ಆ ಕಾಡಲ್ಲಿ ಮಂಗ ಸತ್ತು, ಆಮೇಲೆ ಜನ ಜ್ವರ ಬಂದು ಬಿದ್ದಾಗ ಗೊತ್ತಾಗಿದ್ದು. ಇಡೀ ರಾಜ್ಯದ ಲೆಕ್ಕದಲ್ಲಿ ಆ ಕಾಯಿಲೆ ಬರೋದು ಬೆರಳೆಣಿಕೆ ಜನಕ್ಕೆ. ‘ಅಷ್ಟೇ ಜನ ಅಲ್ವಾ, ಕಾಡಿಗೆ ಹೋಗಿದ್ಯಾಕೆ’ ಅಂತ ಬೆಂಗಳೂರಿನವರು ಕೇಳಿದ್ರೆ ನಾವು ಸುಮ್ನೆ ಬಿಡ್ತಿದ್ವಾ? ಲಸಿಕೆ ಕೊಡಿ, ಮೈಗೆ ಹಚ್ಚೋ ಎಣ್ಣೆ ಕೊಡಿ, ಆಸ್ಪತ್ರೆ ಖರ್ಚು ಸರ್ಕಾರ ಕೊಡಲಿ ಅಂತ ಮಲೆನಾಡಿಗರು ಕೇಳ್ತಾನೇ ಬಂದೀವಿ, ಕೇಳಿದ್ದು ನ್ಯಾಯವೇ.

ಮೂರನೇದು, ‘ಸರ್ಕಾರ ಕಾರ್ಡ್ ಕೊಟ್ಟೈತಲ್ಲ.’ ಕೊಟ್ಟೈತೆ. 2022ರ ಆಗಸ್ಟ್ 24ರಂದು ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯೂ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೂ ಒಪ್ಪಂದ ಮಾಡ್ಕೊಂಡು ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ಅಂತ ಘೋಷಿಸಿದ್ರು. ಒಬ್ಬರಿಗೆ ವರ್ಷಕ್ಕೆ 5 ಲಕ್ಷ, ಲಿಂಗ ಬದಲಾವಣೆ ಆಪರೇಷನ್ನೂ ಸೇರಿ. ಕೇಳಕ್ಕೆ ಬಹಳ ಚೆನ್ನಾಗೈತೆ, ಮಾಡಿದವರಿಗೆ ನಮಸ್ಕಾರವೂ ಸೈ. ಆದ್ರೆ ಕಾರ್ಡ್ ಬರಬೇಕಂದ್ರೆ ಮೊದಲು ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಬೇಕು, ಬೇರೆ ಯೋಜನೇಲಿ ಇದೇ ಸೌಲಭ್ಯ ತಗೊಂಡಿರಬಾರದು. 2020ರ ನಿಯಮಗಳಲ್ಲಿ ಪ್ರಮಾಣಪತ್ರ 30 ದಿನದಲ್ಲಿ ಕೊಡಬೇಕು ಅಂತ ಬರೆದ್ರು. ಆಧಾರದಲ್ಲಿ ಒಂದು ಹೆಸರು, ಮಾರ್ಕ್ಸ್‌ಕಾರ್ಡಲ್ಲಿ ಒಂದು ಹೆಸರು ಇರೋ ಮಕ್ಕಳಿಗೆ ಆ 30 ದಿನ ಎಷ್ಟು ಉದ್ದ ಆಗತದೆ ಅಂತ ಕಚೇರಿ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಕಾರ್ಡ್ ಬಂತು ಅಂತಾನೇ ಇಟ್ಕೊಳ್ಳಿ. ಮುಂದೆ ಆಸ್ಪತ್ರೆ ಬೇಕಲ್ಲ? ಆ ಆಪರೇಷನ್ ಬಲ್ಲ ಸರ್ಜನ್ನು, ಹಾರ್ಮೋನ್ ಡಾಕ್ಟ್ರು, ಮನೋವೈದ್ಯರು ಮೂವರೂ ಒಂದೇ ಕಡೆ ಇದ್ದು, ಆ ಆಸ್ಪತ್ರೆ ಯೋಜನೆಯೊಳಗೂ ಇರಬೇಕು. ನಾವು ಫೋನ್ ಮಾಡಿ ಕೇಳಿದ ಆಸ್ಪತ್ರೆಗಳಲ್ಲಿ ಕಾರ್ಡಿನ ಹೆಸರು ಕೇಳಿದವರೇ ಇರಲಿಲ್ಲ, ‘ಯಾವ ಪ್ಲಸ್ಸು ಅಮ್ಮಾ?’ ಅಂತ ವಾಪಸ್ ನಮ್ಮನ್ನೇ ಕೇಳಿದ್ರು. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸು ಉಚಿತ. ಜಡೆಯಿಂದ ಶಿವಮೊಗ್ಗಕ್ಕೆ ಹೋಗಕ್ಕೆ ದುಡ್ಡು ಬೇಡ, ಬೆಂಗಳೂರಿಗೂ ಬೇಡ. ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದು ಟಿಕೇಟಿನ ಮೇಲೆ ಬರೆದಿಲ್ಲ.

ಇನ್ನೊಂದು ಮಾತು. ಸರ್ಕಾರಿ ಕಾರ್ಡ್ ಇರಲಿ, ಬೇಕೇ ಬೇಕು. ಹಂಗಂತ ದುಡಿದು ಪ್ರೀಮಿಯಂ ಕಟ್ಟಕ್ಕೆ ತಯಾರಿರೋ ಹುಡುಗಿಗೆ ‘ನೀನು ಅಲ್ಲಿಗೆ ಹೋಗು’ ಅನ್ನೋ ಹಕ್ಕು ಯಾರಿಗೂ ಇಲ್ಲ. ಸರ್ಕಾರಿ ಶಾಲೆ ಐತೆ ಅಂತ ಒಂದು ಜಾತಿ ಮಕ್ಕಳನ್ನ ಖಾಸಗಿ ಶಾಲೆಗೆ ಸೇರಿಸ್ಕೊಳ್ಳಲ್ಲ ಅಂದ್ರೆ ಒಪ್ತೀವಾ?

ನಾಲ್ಕನೇದು, ‘ಇದೆಲ್ಲ ಬೆಂಗಳೂರಿನ ಹೊಸ ಗಾಳಿ, ನಮ್ಮ ಕಡೆ ಇಂಥವರಿರಲಿಲ್ಲ.’ ಚಂದ್ರಗುತ್ತಿ ಎಲ್ಲೈತೆ? ನಮ್ಮದೇ ತಾಲೂಕಲ್ಲಿ. ರೇಣುಕೆ, ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟು, ತಲೆ ಮೇಲೆ ಕೊಡ ಹೊತ್ತು ಬರೋ ಜೋಗಪ್ಪಗಳ ಪಡ್ಲಿಗೆಗೆ ನಮ್ಮಜ್ಜಿ ಅಕ್ಕಿ ಹಾಕಿ ಕಾಲಿಗೆ ಬೀಳ್ತಿದ್ಲು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಆಗ ಟೀವಿ ಮುಂದೆ ಕಣ್ಣೊರೆಸಿಕೊಂಡವರು ನಮ್ಮೂರಲ್ಲೂ ಇದ್ರು. ಆಶೀರ್ವಾದ ಅವರಿಂದ ಬೇಕು, ಆಸ್ಪತ್ರೆ ಬಿಲ್ಲು ಮಾತ್ರ ಅವರದ್ದೇ. ಇದು ಯಾವ ಸೀಮೆಯ ಭಕ್ತಿ?

ವಿಮೆ ಇಲ್ಲ ಅಂದಾಕ್ಷಣ ಜನ ಚಿಕಿತ್ಸೆ ಬಿಟ್ಟುಬಿಡ್ತಾರೆ ಅಂತ ತಿಳ್ಕೊಂಡವರಿಗೆ ಈ ಬದುಕು ಗೊತ್ತಿಲ್ಲ. ಡಾಕ್ಟ್ರಿಗೆ ಕೊಡಕ್ಕೆ ದುಡ್ಡಿಲ್ಲದ ಮಕ್ಕಳು ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ತಮಗೆ ತಾವೇ ಡೋಸು ಗೊತ್ತು ಮಾಡ್ಕೊಂಡು ನುಂಗ್ತಾರೆ. ಪರೀಕ್ಷೆ ಇಲ್ದೆ ಹಂಗೆ ನುಂಗಿದ್ರೆ ರಕ್ತ ಹೆಪ್ಪುಗಟ್ಟಬಹುದು, ಕಾಲಲ್ಲಿ ಕಟ್ಟಿದ ಗಡ್ಡೆ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಆಪರೇಷನ್ನಿಗೆ ದಾರಿ ಇಲ್ಲದವರು ಅರಿವಳಿಕೆ ಇಲ್ಲದ, ಡಾಕ್ಟ್ರು ಇಲ್ಲದ ಕೋಣೆಯೊಳಗೆ ಕತ್ತರಿಸಿಕೊಂಡ ಕತೆ ಈ ದೇಶದಲ್ಲಿ ಹಳೇದು. ಇನ್ನೂ ಒಂದು ಭಯ ಐತೆ. 07ರಲ್ಲಿ ‘ಸಂಬಂಧಪಟ್ಟ ಖರ್ಚು’ ಅಂತ ಬರೆದಾರಲ್ಲ, ಆ ಪದಕ್ಕೆ ಅಂಚೇ ಇಲ್ಲ. ನಾಳೆ ಇವಳಿಗೆ ಲಿವರ್ ತೊಂದರೆ ಆದ್ರೆ ‘ಹಾರ್ಮೋನಿನಿಂದ ಬಂದದ್ದು’ ಅಂತ ಅದಕ್ಕೂ ಇಲ್ಲ ಅನ್ನಬಹುದಾ? ಬರವಣಿಗೇಲಿ ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಹಂಗಾಗಿ ಮನೇಲಿ ಇಂಥ ಮಗು ಇರೋರಿಗೆ ನಾನು ತಿಳ್ಕೊಂಡದ್ದನ್ನ ಹೇಳ್ತೀನಿ. ಪಾಲಿಸಿ ಮಾಡಿಸೋ ಮುಂಚೆ 07 ಐತಾ ಇಲ್ವಾ ಅಂತ ಮೇಲ್ ಹಾಕಿ ಕೇಳ್ರಿ, ಏಜೆಂಟಿನ ಬಾಯಿಮಾತು ನಂಬಬೇಡಿ. ಮಕ್ಕಳು ಕೆಲಸ ಮಾಡೋ ಕಡೆ ಗುಂಪು ವಿಮೆ ಇದ್ರೆ ಅಲ್ಲಿಂದ 07 ತೆಗೆಸೋದು ಸುಲಭ, ಹೆಸರು ಹೇಳದೆ ನಾಲ್ಕು ಜನ ಸೇರಿ ಕೇಳಬಹುದು. ಹಾರ್ಮೋನ್ ತಗೊಳ್ತಿದ್ರೆ ಅರ್ಜೀಲಿ ಮುಚ್ಚಿಡಬೇಡಿ, ಮುಚ್ಚಿಟ್ರೆ ನಾಳೆ ಬೇರೆ ಕಾಯಿಲೆಯ ಕ್ಲೇಮನ್ನೂ ಅದೇ ನೆಪದಲ್ಲಿ ತಳ್ಳಿ ಹಾಕ್ತಾರೆ. ಡೆಂಗಿಗೋ ಅಪೆಂಡಿಕ್ಸಿಗೋ 07 ತೋರಿಸಿ ದುಡ್ಡು ಕೊಡಲ್ಲ ಅಂದ್ರೆ ಸುಮ್ಮನಿರಬೇಡಿ. ಮೊದಲು ಕಂಪನಿಗೆ ಬರವಣಿಗೇಲಿ ದೂರು ಕೊಡಿ. ಒಂದು ತಿಂಗಳು ಉತ್ತರ ಬರದಿದ್ರೆ, ಇಲ್ಲವೇ ಇಲ್ಲ ಅಂದ್ರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೀರಿ. ಫೀಸಿಲ್ಲ, ವಕೀಲರೂ ಬೇಡ. ಪ್ರಾಧಿಕಾರದ ‘ಬಿಮಾ ಭರೋಸಾ’ ಅನ್ನೋ ಜಾಲತಾಣದಲ್ಲೂ ದೂರು ಹಾಕಬಹುದು. ಅರ್ಹತೆ ಇದ್ರೆ ಟಿಜಿ ಪ್ಲಸ್ ಕಾರ್ಡನ್ನೂ ಬಿಡಬೇಡಿ. ಕೇಳೋರು ಹೆಚ್ಚಾದ್ರೇ ಆಸ್ಪತ್ರೆಯವರಿಗೂ ಅದರ ಹೆಸರು ಗೊತ್ತಾಗೋದು.

ಇಷ್ಟೆಲ್ಲ ಮಾಡಿದ್ರೂ 07 ಅಲ್ಲೇ ಇರ್ತದೆ. ಅದನ್ನ ಒಂದು ಮನೆ ತೆಗೆಸಕ್ಕಾಗಲ್ಲ. ನಾನು ಕೇಳೋದು ಬಹಳ ಅಲ್ಲ. ಆ ನಂಬರನ್ನ ಪೂರ್ತಿ ಅಳಿಸಿ. ಪೂರ್ತಿ ಅಳಿಸಕ್ಕೆ ಇನ್ನೂ ಮನಸ್ಸು ಬರದಿದ್ರೆ, ಕೊನೇಪಕ್ಷ 06ಕ್ಕೂ 08ಕ್ಕೂ ಕೊಟ್ಟ ಮರ್ಯಾದೆಯನ್ನ 07ಕ್ಕೂ ಕೊಡಿ. ‘ಡಾಕ್ಟ್ರು ಬೇಕು ಅಂತ ಬರೆದುಕೊಟ್ರೆ ಕೊಡ್ತೀವಿ’ ಅನ್ನೋ ಒಂದು ಸಾಲು. ಬೊಜ್ಜಿನ ಬಗ್ಗೆ ಡಾಕ್ಟರ ಮಾತು ನಂಬೋ ಕಂಪನಿಗೆ, ಸುಟ್ಟಗಾಯದ ಬಗ್ಗೆ ಡಾಕ್ಟರ ಮಾತು ನಂಬೋ ಕಂಪನಿಗೆ, ನಮ್ಮ ಮಗಳ ಡಾಕ್ಟ್ರು ಮಾತ್ರ ಯಾಕೆ ಸುಳ್ಳುಗಾರ ಆಗಬೇಕು?

ನಿಮ್ಮ ಮನೇಲಿ ಇಂಥ ಮಗು ಇಲ್ದೇ ಇರಬಹುದು. ಆದ್ರೂ ಪಾಲಿಸಿ ನವೀಕರಣಕ್ಕೆ ಏಜೆಂಟ್ ಬಂದಾಗ ಚಹಾ ಕೊಡೋ ಮುಂಚೆ ‘ತಮ್ಮಾ, ಈ ಏಳನೇ ನಂಬರು ಯಾವಾಗ ತೆಗೀತೀರಿ?’ ಅಂತ ಒಂದು ಮಾತು ಕೇಳ್ರಿ. ಅವನಿಗೆ ಉತ್ತರ ಗೊತ್ತಿರಲ್ಲ, ಮೇಲಿನವರನ್ನ ಕೇಳ್ತಾನೆ. ಹತ್ತು ಊರಿನ ಹತ್ತು ಏಜೆಂಟರು ಕೇಳಿದ್ರೆ ಮೇಲಿನವರು ಅವರ ಮೇಲಿನವರನ್ನ ಕೇಳ್ತಾರೆ. ವಿಮೆ ಮಾರೋರು ಧರ್ಮಸೂಕ್ಷ್ಮಕ್ಕೆ ಬಗ್ಗದಿದ್ರೂ ಗಿರಾಕಿಯ ಪ್ರಶ್ನೆಗೆ ಬಗ್ತಾರೆ.